ಕಿಟಕಿ ಪಕ್ಕದ ಮೇಜು ಊರಿನವರಿಗೆ ಮಾತ್ರ

ಕನ್ನಡಕದಂಗಡಿಯವರಿಗೆ ಆವತ್ತು ಬಂದಂಥ ಕೋಪ ಆ ಬೀದಿಯಲ್ಲಿ ಹಿಂದೆಂದೂ ಯಾರಿಗೂ ಬಂದದ್ದಿಲ್ಲ. ಅವರು ಹುಟ್ಟಿದ್ದು ಅದೇ ಊರಲ್ಲಿ. ಮೊಣಕಾಲು ತರಚಿಕೊಂಡು ಬೆಳೆದದ್ದು ಅದೇ ಬೀದಿಯಲ್ಲಿ. ಅಪ್ಪನ ಕಾಲದ ಅಂಗಡಿಯಲ್ಲಿ ಕೂತು ಊರಿನ ಅರ್ಧ ಜನರ ಮೂಗಿನ ಮೇಲೆ ಕನ್ನಡಕ ಕೂರಿಸಿದ್ದೂ ಅಲ್ಲೇ. ಅಂಥವರನ್ನು, ಅವರ ಅಂಗಡಿಯ ಬಾಗಿಲಲ್ಲಿ ನಿಂತು ಸೀನಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಹೊಸದಾಗಿ ತೆರೆದ ಕೆಫೆಯವನೊಬ್ಬ ತಲೆಯಿಂದ ಕಾಲಿನ ತನಕ ಅಳೆದು ನೋಡಿ ಕೇಳಿದ:

"ನಿಮ್ಮ ಬಸ್ಸು ಎಲ್ಲಿ ನಿಲ್ಲಿಸಿದ್ದೀರಿ?"

(ಕೇಳಿದ ಧಾಟಿ ಹೇಗಿತ್ತೆಂದರೆ, ಬಸ್ಸು ಅವನ ಪಾದದ ಮೇಲೇ ನಿಂತಿರಬೇಕು.)

ಊರಿಗೊಂದು ದೊಡ್ಡ ಕೆರೆ, ಕೆರೆಯ ಆಚೆ ಒಂದು ಹಳೇ ಗಡಿಯಾರದ ಗೋಪುರ. ಇವೆರಡನ್ನು ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಊರಿನವರು ಎರಡನ್ನೂ ನೋಡುವುದಿಲ್ಲ. ಗೋಪುರದ ಗಡಿಯಾರ ನಿಂತು ಎಷ್ಟು ಕಾಲವಾಯಿತೆಂಬುದೂ ಅವರಿಗೆ ಗೊತ್ತಿಲ್ಲ, ಬಂದವರು ಹೇಳಿದ ಮೇಲೆ, "ಓ, ನಿಂತಿದೆಯಾ?" ಎನ್ನುತ್ತಾರೆ. ಆ ಕೆರೆಯ ದಂಡೆಯ ಸೋಡಾ ಅಂಗಡಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಈ ಕೆಫೆ ಅವತರಿಸಿತ್ತು. ಗೋಡೆಯ ಗಾರೆಯನ್ನೆಲ್ಲ ಕಿತ್ತು ಇಟ್ಟಿಗೆ ಕಾಣುವಂತೆ ಬಿಟ್ಟಿದ್ದರು. ಅದು ಅಲಂಕಾರವಂತೆ! ಕನ್ನಡಕದವರ ಹಿತ್ತಿಲ ಗೋಡೆ ಎಷ್ಟೋ ವರ್ಷದಿಂದ ಹಾಗೇ ಅಲಂಕೃತವಾಗಿ ನಿಂತಿದೆ, ಅದನ್ನು ಮೆಚ್ಚಿ ಒಬ್ಬ ನರಪಿಳ್ಳೆಯೂ ಕಾಫಿಗೆ ಬಂದಿಲ್ಲ. ಒಂದು ಕುರ್ಚಿಯಂತೆ ಇನ್ನೊಂದಿಲ್ಲ. ಬಲ್ಬುಗಳೆಲ್ಲ ಬೋಳು, ಮೇಲೊಂದು ಮುಚ್ಚಳವಿಲ್ಲ. ಲೋಟಕ್ಕೆ ಹಿಡಿಯಿಲ್ಲ, ಬಿಸಿ ಕಾಫಿಯನ್ನು ಅಂಗೈಯಲ್ಲಿ ಹಿಡಿದು ಮೋಕ್ಷಕ್ಕೆ ಕಾಯಬೇಕು.

ಬಸ್ಸಿನ ಪ್ರಶ್ನೆ ಕೇಳಿದವನು ಅಲ್ಲಿನ ಮೇಲ್ವಿಚಾರಕ. ಎದೆಯವರೆಗೆ ಇಳಿದ ಗಡ್ಡ, ಚರ್ಮದ ಏಪ್ರನ್, ಮೂಗಿನ ಮೇಲೆ ದಪ್ಪ ಚೌಕಟ್ಟಿನ ಕನ್ನಡಕ. ಕನ್ನಡಕದವರ ಕಣ್ಣು ಮೊದಲು ಹೋದದ್ದು ಅದರ ಮೇಲೆಯೇ. ಬರೀ ಗಾಜು! ಪವರ್ರೇ ಇಲ್ಲ! ಒಳ್ಳೇ ಕಣ್ಣಿದ್ದೂ ಷೋಕಿಗೆ ಗಾಜು ಹಾಕಿಕೊಂಡವನ ದೃಷ್ಟಿಯಲ್ಲಿ ತಾವೊಬ್ಬ ಪ್ರವಾಸಿ ಎಂಬುದು ಅವರಿಗೆ ದುಪ್ಪಟ್ಟು ಅವಮಾನವಾಯಿತು.

"ಬಸ್ಸಾ? ನಾವು ಇದೇ ಊರಿನವರಪ್ಪಾ," ಎಂದರು ನಗುತ್ತಾ.

"ಹೌದೌದು," ಎಂದ ಗಡ್ಡದವನು. "ಎಲ್ಲರೂ ಹಾಗೇ ಅಂತಾರೆ. ಕಿಟಕಿ ಪಕ್ಕದ ಮೇಜಿಗೆ ತಾನೇ? ಅದು ಊರಿನವರಿಗೆ ಮಾತ್ರ. ನೀವು ಒಳಗೆ, ಆ ಕಂಬದ ಹಿಂದೆ ಕೂತ್ಕೊಳ್ಳಿ."

ಜೊತೆಗಿದ್ದ ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಊರೆಲ್ಲ ಅವರನ್ನು ಕರೆಯುವುದು ಲೆಕ್ಕದ ಮೇಡಂ ಎಂದೇ. ಆವತ್ತು ಬಿಸಿಲೆಂದು ದೊಡ್ಡ ಹುಲ್ಲಿನ ಟೋಪಿ ಹಾಕಿಕೊಂಡಿದ್ದರು. ಕನ್ನಡಕದವರ ಮೈಮೇಲೆ ಮಗಳು ಕೊಡಿಸಿದ, ಗಿಳಿಗಳ ಚಿತ್ರವಿದ್ದ ಅಂಗಿ. ಇಬ್ಬರೂ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣರಳಿಸಿ ನೋಡಿದ್ದರು ಬೇರೆ.

"ರೀ, ಹೇಳ್ರೀ ಅವನಿಗೆ," ಎಂದು ಮೇಡಂ ತಿವಿದರು.

ಕನ್ನಡಕದವರು ಗಂಟಲು ಸರಿಮಾಡಿಕೊಂಡು, "ನೋಡಪ್ಪಾ, ಇಲ್ಲಿ ಮುಂಚೆ ಸೋಡಾ ಅಂಗಡಿ ಇತ್ತು. ಗೋಲಿ ಒತ್ತಿದರೆ ಬೀದಿ ತುದಿಗೆ ಶಬ್ದ ಕೇಳ್ತಿತ್ತು. ಗೊತ್ತಾ ನಿನಗೆ?" ಎಂದು ಐತಿಹಾಸಿಕ ದಾಖಲೆ ಮುಂದಿಟ್ಟರು.

ಗಡ್ಡದವನು ಮೆನು ಕಾರ್ಡನ್ನು ತಿರುಗಿಸಿ ಹಿಂಬದಿ ತೋರಿಸಿದ. ಸೋಡಾ ಅಂಗಡಿಯ ಕಥೆಯೆಲ್ಲ ಚಿತ್ರಸಮೇತ ಅಚ್ಚಾಗಿತ್ತು. ಗೋಲಿಯ ಶಬ್ದ ಬೀದಿ ತುದಿಗೆ ಕೇಳಿಸುತ್ತಿದ್ದುದು ಕೂಡ.

"ಬಂದವರೆಲ್ಲ ಇದನ್ನ ಓದ್ಕೊಂಡು ನಮಗೇ ಹೇಳ್ತಾರೆ," ಎಂದ ಅವನು. ಆಮೇಲೆ ಕಿವುಡರೊಡನೆ ಮಾತಾಡುವಂತೆ ಒಂದೊಂದೇ ಅಕ್ಷರ ಬಿಡಿಸಿ, "ಕಾ... ಫಿ... ಬೇ... ಕಾ?" ಎಂದ.

ಕಂಬದ ಹಿಂದೆ ಕೂತು, ಕಂಬವನ್ನೇ ನೋಡುತ್ತಾ, ಇಬ್ಬರೂ ಕಾಫಿ ಕುಡಿದರು. ಅರ್ಧ ಕುಡಿಯುವಷ್ಟರಲ್ಲಿ ಅವನು ಬಂದು, "ಬೇಗ ಮುಗಿಸಿ, ನಿಮ್ಮ ಗುಂಪಿನವರು ಕಾಯ್ತಿರ್ತಾರೆ," ಎಂದು ಲೋಟ ಎತ್ತಿಕೊಂಡು ಹೋದ. ಬಾಗಿಲು ದಾಟುವಾಗ, "ಫೋಟೋ ಹೊರಗೆ ತೆಗೀರಿ, ಒಳಗೆ ಬೇಡ," ಎಂಬ ಆಶೀರ್ವಾದವೂ ಆಯಿತು. ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

ಮನೆಗೆ ಬಂದ ಮೇಲೆ ಮಹಾಯುದ್ಧ.

"ನಿನ್ನ ಟೋಪಿಯಿಂದ ಆಗಿದ್ದು ಇದೆಲ್ಲ."

"ನಿಮ್ಮ ಗಿಳಿಗಳಿಂದ ಆಗಿದ್ದು. ಅದೂ ಸಾಲದು ಅಂತ ಹಲ್ಲು ಕಿರೀತಿದ್ರಿ. ಊರಿನವರು ಯಾರಾದರೂ ಹೋಟೆಲಿನಲ್ಲಿ ನಗ್ತಾರೇನ್ರೀ? ಊರಿನವರು ಬರೀ ಗೊಣಗ್ತಾರೆ."

"ಅವನಾದರೂ ಎಲ್ಲಿಯವನು? ನಿನ್ನೆ ಮೊನ್ನೆ ಬಂದವನು. ನಮ್ಮೂರಿನಲ್ಲಿ ಊರಿನವರು ಯಾರು ಅಂತ ಅವನು ತೀರ್ಮಾನ ಮಾಡ್ತಾನಾ? ಸತ್ತರೂ ಇನ್ನು ಆ ಮೆಟ್ಟಿಲು ಹತ್ತಲ್ಲ ನಾನು!"

ಈ ಭೀಷ್ಮಪ್ರತಿಜ್ಞೆ ಭಾನುವಾರದ ತನಕವೂ ಬಾಳಲಿಲ್ಲ. ಅದಕ್ಕೆ ಕಾರಣ ಮಗಳ ಮದುವೆಯ ಮಾತು.

ಮಗಳು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಳು. ಅಲ್ಲಿಯೇ ಕೆಲಸದಲ್ಲಿದ್ದ ಹುಡುಗನನ್ನು ಒಪ್ಪಿದ್ದಳು, ಹುಡುಗನೂ ಒಪ್ಪಿದ್ದ. ಹುಡುಗನ ತಾಯಿ ಮಾತ್ರ, "ಬಂದು ನೋಡಿ ಹೇಳ್ತೀನಿ," ಎಂದಿದ್ದರು. ಆಕೆ ದೂರದ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಫೋನಿನಲ್ಲಿ ಅವರ ದನಿ ಕೇಳಿದರೆ ಕನ್ನಡಕದವರಿಗೆ ತಾವೇ ಹೋಗಿ ಮಂಚದ ಮೇಲೆ ನೆಟ್ಟಗೆ ಮಲಗಬೇಕೆನಿಸುತ್ತಿತ್ತು. ಆಕೆಯ ಗಂಡ, ಎಂದರೆ ಮುಂದೆ ಬೀಗರಾಗುವವರು, ಬಹಳ ಸಾಧು. ಎಷ್ಟು ಸಾಧುವೆಂದರೆ ಅವರ ದನಿಯನ್ನು ಈ ತನಕ ಯಾರೂ ಕೇಳಿರಲಿಲ್ಲ.

"ಭಾನುವಾರ ಬರ್ತೀವಿ," ಎಂದರು ಆಕೆ ಫೋನಿನಲ್ಲಿ. "ನಿಮ್ಮ ಕೆರೆ ದಂಡೇಲಿ ಏನೋ ಚೆಂದದ ಕೆಫೆ ಆಗಿದೆಯಂತಲ್ಲ? ಕಿಟಕಿ ಪಕ್ಕ ಕೂತ್ರೆ ಕೆರೆಯೆಲ್ಲ ಕಾಣತ್ತಂತೆ. ಅಲ್ಲೇ ಕೂತು ಮಾತಾಡೋಣ. ಜಾಗ ಸಿಗೋದು ಕಷ್ಟ ಅಂತಾರೆ."

ಇಲ್ಲಿಗೆ ಕನ್ನಡಕದವರು ಸುಮ್ಮನಾಗಬಹುದಿತ್ತು. ಆದರೆ ಬೀಗರಾಗುವವರ ಮುಂದೆ ಬೀಗದಿದ್ದರೆ ಹೆಣ್ಣಿನ ತಂದೆಗೆ ಬೆಲೆಯೇನು?

"ಕಷ್ಟಾನಾ? ನನಗಾ?" ಎಂದರು. "ಈ ಊರಲ್ಲಿ ನನ್ನ ಗುರುತಿಲ್ಲದವರು ಯಾರಿದ್ದಾರೆ? ನಾನು ಒಂದು ವಾರ ಅಂಗಡಿ ಮುಚ್ಚಿದರೆ ಅರ್ಧ ಊರು ಹೋಗಿ ಕಂಬಕ್ಕೆ ಹಾಯುತ್ತೆ. ಕಿಟಕಿ ಪಕ್ಕದ ಮೇಜು ನಿಮಗೋಸ್ಕರ ಕಾದಿರುತ್ತೆ, ಬನ್ನಿ."

ಫೋನಿಟ್ಟ ಮೇಲೆ ಲೆಕ್ಕದ ಮೇಡಂ ಅವರ ಮುಖವನ್ನು, ತಪ್ಪು ಉತ್ತರ ಬರೆದ ಹುಡುಗನ ಮುಖ ನೋಡುವಂತೆ ನೋಡಿದರು. "ಆ ಬಾಯಿಗೊಂದು ಬೀಗ ಹಾಕ್ಬಾರ್ದಾ?" ಎಂದಷ್ಟೇ ಹೇಳಿ ಒಳಗೆ ಹೋದರು.

ಮಾರನೆಯ ದಿನದಿಂದ ಕನ್ನಡಕದವರು ಅಂಗಡಿಯಲ್ಲಿ ಕೂತು ಕೆಫೆಯ ಕಿಟಕಿಯನ್ನು ಅಧ್ಯಯನ ಮಾಡತೊಡಗಿದರು. ಗಿರಾಕಿಗಳು ಗೋಡೆಯ ಮೇಲಿನ ಅಕ್ಷರ ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದು ಮತ್ತೆ ಮೇಲಿನಿಂದ ಶುರುಮಾಡಿದರೂ ಇವರಿಗೆ ಪರಿವೆಯಿಲ್ಲ. ಕಿಟಕಿ ಪಕ್ಕ ಕೂರುವ ಭಾಗ್ಯಶಾಲಿಗಳ ಲಕ್ಷಣ ನಿಧಾನವಾಗಿ ಹೊಳೆಯಿತು. ಅವರು ಕೆರೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಮುಖ ಗಂಟು. ಗಡ್ಡ ಕೆರೆದಿರುವುದಿಲ್ಲ. ಕಾಲಲ್ಲಿ ಮನೆಯ ಚಪ್ಪಲಿ. ಮತ್ತು ಪ್ರತಿಯೊಬ್ಬರ ಕಾಲ ಬಳಿಯೂ ಒಂದು ಸಂತೆಚೀಲ! ಪ್ರವಾಸಿಗಳು ಗೊಂಬೆ ಕೊಳ್ಳುತ್ತಾರೆ, ಸೊಪ್ಪು ಕೊಳ್ಳುವವನು ಊರಿನವನೇ ಆಗಿರಬೇಕು ತಾನೇ?

ಈ ಸತ್ಯ ಹೊಳೆದ ಸಂತೋಷಕ್ಕೆ ಅವರು ಒಬ್ಬ ಮುದುಕರಿಗೆ ಹೆಂಗಸರ ಚೌಕಟ್ಟು ಹಾಕಿ ಕಳಿಸಿಬಿಟ್ಟರು.

ಶನಿವಾರ ರಾತ್ರಿ ಯೋಜನೆ ಮನೆಯವರ ಮುಂದೆ ಮಂಡನೆಯಾಯಿತು.

"ನಾನು ಮುಂಚೆ ಹೋಗಿ ಮೇಜು ಹಿಡಿದಿರ್ತೀನಿ. ನೀವಿಬ್ಬರೂ ಅವರನ್ನ ಕರ್ಕೊಂಡು ನಿಧಾನಕ್ಕೆ ಬನ್ನಿ. ಮೇಜು ಕೈಗೆ ಸಿಕ್ಕಿದ ಮೇಲೆ ಬಚ್ಚಲಿಗೆ ಹೋಗಿ ಒಳ್ಳೇ ಅಂಗಿ ಹಾಕ್ಕೋತೀನಿ. ಅಂಗಿ ಚೀಲದ ತಳದಲ್ಲಿರುತ್ತೆ. ಮೇಲೆ ಸೊಪ್ಪು."

"ಅಪ್ಪಾ, ಒಂದು ಫೋನ್ ಮಾಡಿ ಮೇಜು ಕಾಯ್ದಿರಿಸಬಹುದಲ್ಲ?" ಎಂದಳು ಮಗಳು.

"ಫೋನ್ ಮಾಡೋದು ಪ್ರವಾಸಿಗಳು ಕಣಮ್ಮಾ!"

ಮಗಳು ತಾಯಿಯ ಕಡೆ ನೋಡಿದಳು. ತಾಯಿ ಸೂರಿನ ಕಡೆ ನೋಡಿದರು.

ಭಾನುವಾರ ಕನ್ನಡಕದವರು ಅಂಗಳ ಗುಡಿಸುವಾಗ ಹಾಕುವ ಅಂಗಿ ತೊಟ್ಟು, ಉಂಗುಷ್ಟ ಕಿತ್ತ ಚಪ್ಪಲಿ ಮೆಟ್ಟಿ, ಎರಡು ದಿನದ ಗಡ್ಡ ಬಿಟ್ಟು, ಕಂತೆಗಟ್ಟಲೆ ಸೊಪ್ಪು ಹೊರಗೆ ಇಣುಕುವ ಚೀಲ ಹಿಡಿದು, ಮುಖ ಗಂಟಿಕ್ಕಿಕೊಂಡು ಹೊರಟರು. ಪಕ್ಕದ ಮನೆಯವರು, "ಯಾಕ್ರೀ, ಮೈಗೆ ಹುಷಾರಿಲ್ವಾ?" ಎಂದು ಕೇಳಿದಾಗ ವೇಷ ಫಲಿಸಿದೆಯೆಂದು ಹಿಗ್ಗಿದರು.

ಕೆಫೆಯ ಬಾಗಿಲಲ್ಲಿ ಗಡ್ಡದವನು ಅವರನ್ನು ಕಂಡವನೇ ಕೆರಳಿದ.

"ಮುಂದಿನ ಬಾಗಿಲಲ್ಲಿ ಯಾಕಯ್ಯಾ ಬಂದೆ? ಸೊಪ್ಪು ಹಿಂದಿನಿಂದ ತರಬೇಕು ಅಂತ ಎಷ್ಟು ಸಲ ಹೇಳೋದು? ತಡ ಬೇರೆ! ಈ ಊರಿನವರಿಗೆ ಹೇಳಿ ಹೇಳಿ ಸಾಕಾಯ್ತು!"

ಈ ಊರಿನವರಿಗೆ!

ಬೈಗುಳದ ಉಳಿದ ಭಾಗ ಕನ್ನಡಕದವರ ಕಿವಿಗೆ ಬೀಳಲೇ ಇಲ್ಲ. ಕೊನೆಗೂ ಒಬ್ಬ ಅವರನ್ನು ಊರಿನವನೆಂದು ಗುರುತಿಸಿದ್ದ! ತಾನು ಸೊಪ್ಪಿನವನಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದರು. ಹೇಳಿದರೆ ಕೈಗೆ ಬಂದ ಪೌರತ್ವ ಹೋದೀತೆಂಬ ಭಯದಿಂದ ಮುಚ್ಚಿದರು. ಅಷ್ಟರಲ್ಲಿ ಅವನು ತೋಳು ಹಿಡಿದು ಅವರನ್ನು ಪಕ್ಕದ ಓಣಿಯಿಂದ ಅಡುಗೆಮನೆಗೆ ದಾಟಿಸಿಯಾಗಿತ್ತು.

ಅಡುಗೆಮನೆಯಲ್ಲಿ ಒಬ್ಬ ದಪ್ಪನೆಯ ಹೆಂಗಸು ಒಲೆಯ ಮುಂದೆ ನಿಂತು ಬೆವರುತ್ತಿದ್ದಳು. ಚೀಲವನ್ನು ಕಸಿದುಕೊಂಡು ತೊಟ್ಟಿಗೆ ಸುರಿದಳು. ಸೊಪ್ಪಿನ ಹಿಂದೆಯೇ ಇಸ್ತ್ರಿ ಮಾಡಿದ ಬಿಳಿ ಅಂಗಿಯೂ ನೀರಿಗೆ ಬಿತ್ತು.

"ಇದೇನಯ್ಯಾ, ಬಟ್ಟೆ?"

"ಅದು... ಸೊಪ್ಪು ಬಾಡದೇ ಇರಲಿ ಅಂತ..."

"ಇದೊಳ್ಳೆ ಉಪಾಯ," ಎಂದು ಆಕೆ ಅಂಗಿಯನ್ನು ಹಿಂಡಿ ಒಲೆಯ ಕಟ್ಟೆ ಒರೆಸಿದಳು. "ತಡ ಮಾಡಿದ ತಪ್ಪಿಗೆ ಬಿಡಿಸಿ ಕೊಟ್ಟು ಹೋಗು. ಕೂತ್ಕೋ ಅಲ್ಲಿ."

ಕನ್ನಡಕದವರು ಬೋರಲು ಹಾಕಿದ ಡಬ್ಬದ ಮೇಲೆ ಕೂತು ಸೊಪ್ಪು ಬಿಡಿಸತೊಡಗಿದರು. ಎದ್ದು ಹೋಗಬಹುದಿತ್ತು. ಆದರೆ ಆಕೆ ಮಾತು ಶುರುಮಾಡಿಬಿಟ್ಟಿದ್ದಳು. ಕೆಫೆಗೆ ಬರುವ ಹೊರಗಿನವರನ್ನು ಒಬ್ಬೊಬ್ಬರಾಗಿ ಜರೆಯುತ್ತಿದ್ದಳು: ಕೆರೆ ಕಂಡರೆ ಕಿರುಚುವವರು, ಲೋಟದ ಫೋಟೋ ತೆಗೆದು ಕಾಫಿ ಆರಿಸುವವರು, ಗಿಳಿಗಳ ಅಂಗಿ ತೊಟ್ಟು ಬರುವವರು. "ಥೂ, ಅವರಿಗೇನು ಗೊತ್ತು ನಮ್ಮೂರು?" ಎಂದಳು. "ಅಲ್ವಾ ಮತ್ತೆ!" ಎಂದು ಕನ್ನಡಕದವರು ಉತ್ಸಾಹದಿಂದ ಒಂದು ಕಂತೆ ಮುರಿದರು. ಊರಿನವನಾಗಿ ಕೂತು ಹೊರಗಿನವರನ್ನು ಬೈಯುವ ಸುಖವೇ ಸುಖ. ಬೀಗರು, ಬೀಗಿತ್ತಿ, ಮಗಳು, ಮದುವೆ, ಎಲ್ಲವೂ ಆ ಸೊಪ್ಪಿನ ರಾಶಿಯಲ್ಲಿ ಮರೆತುಹೋಯಿತು.

ನೆನಪಾದದ್ದು ಹೊರಗಿನಿಂದ ಆ ದನಿ ಕೇಳಿದಾಗ.

ಅಡುಗೆಮನೆಯ ಬಾಗಿಲಿಗೆ ಒಂದು ದುಂಡನೆಯ ಗಾಜಿನ ಕಿಂಡಿಯಿತ್ತು. ಕನ್ನಡಕದವರು ಹಾರಿ ಎದ್ದು ಇಣುಕಿದರು. ಹೊಸ್ತಿಲಲ್ಲಿ ಬೀಗಿತ್ತಿ, ಹಿಂದೆ ಮೌನಿ ಬೀಗರು, ಲೆಕ್ಕದ ಮೇಡಂ, ಮಗಳು. ಎದುರಿಗೆ ಗಡ್ಡದವನು.

"ನಿಮ್ಮ ಬಸ್ಸು..." ಎಂದು ಅವನು ಶುರುಮಾಡಿದ.

"ಬಸ್ಸಿರಲಿ, ಈ ಮೇಜು ಒರೆಸೋ ಬಟ್ಟೆ ಒಗೆದು ಎಷ್ಟು ದಿನ ಆಯ್ತಪ್ಪಾ?" ಎಂದರು ಬೀಗಿತ್ತಿ. "ಕಿಟಕಿ ಯಾಕೆ ಮುಚ್ಚಿದೆ? ಜನ ಉಸಿರಾಡೋದು ಬೇಡ್ವಾ? ಆ ಗಡ್ಡಕ್ಕೊಂದು ಬಲೆ ಕಟ್ಟಿಕೋ, ಕಾಫಿಗೆ ಉದುರೀತು. ಎಲ್ಲಿ, ಉಗುರು ತೋರಿಸು."

ಗಡ್ಡದವನು ಉಗುರು ತೋರಿಸಿದ!

(ಕನ್ನಡಕದವರು ತಮಗರಿವಿಲ್ಲದೆ ಕಿಂಡಿಯ ಹಿಂದೆ ತಮ್ಮ ಉಗುರುಗಳನ್ನೂ ಎತ್ತಿದರು.)

"ಅಮ್ಮಾ, ತಪ್ಪಾಯ್ತು. ತಾವು ಇಲ್ಲಿಯವರೇ ಅಂತ ಗೊತ್ತಾಗಲಿಲ್ಲ."

"ಮತ್ತೆ? ಆಕಾಶದಿಂದ ಇಳಿದೆ ಅನ್ಕೊಂಡ್ಯಾ?"

"ಬನ್ನಿ ಬನ್ನಿ, ಕಿಟಕಿ ಪಕ್ಕ ಖಾಲಿ ಇದೆ," ಎಂದು ಅವನು ಮುಂದೆ ಮುಂದೆ ಓಡಿ ಕುರ್ಚಿ ಎಳೆದ. ನಾಲ್ಕು ಕುರ್ಚಿಗಳಿದ್ದವು, ನಾಲ್ವರೂ ಕೂತರು. ಬೆಳಗಿನ ಬಸ್ಸಿಗೆ ಬಂದಿಳಿದ ಬೀಗಿತ್ತಿ ಅರ್ಧ ಗಳಿಗೆಯೊಳಗೆ ಊರಿನವರಾಗಿದ್ದರು. ಕನ್ನಡಕದವರಿಗೆ ಒಂದು ಜೀವಮಾನ ಸಾಲದೇ ಬಂದಿತ್ತು.

ಇನ್ನು ತಡೆಯಲಾಗಲಿಲ್ಲ. ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದೇ ಬಾಗಿಲು ತಳ್ಳಿಕೊಂಡು ಹೊರಗೆ ಬಂದರು. ಗಡ್ಡದವನು ಹಾರಿ ಅಡ್ಡ ನಿಂತ.

"ಏಯ್! ಸೊಪ್ಪಿನವರು ಈ ಕಡೆ ಬರೋ ಹಾಗಿಲ್ಲ!"

"ನಾನು ಸೊಪ್ಪಿನವನಲ್ಲ!"

ಅವನು ಪವರಿಲ್ಲದ ಗಾಜನ್ನು ಮೇಲೇರಿಸಿ ಹತ್ತಿರದಿಂದ ನೋಡಿದ. "ಓಹೋ! ಆವತ್ತು ಬಂದಿದ್ದ ಪ್ರವಾಸಿ ನೀವು! ಗಿಳಿ ಅಂಗಿ! ಅಡುಗೆಮನೆಗೆ ಹೇಗೆ ನುಗ್ಗಿದ್ರಿ? ಅಲ್ಲೆಲ್ಲ ನೋಡೋ ಹಾಗಿಲ್ಲ ಅಂತ ಬೋರ್ಡು ಹಾಕಿಲ್ವಾ?"

ಕೆಫೆಗೆ ಕೆಫೆಯೇ ತಿರುಗಿ ನೋಡಿತು. ಕನ್ನಡಕದವರು ಕಿಟಕಿಯ ಕಡೆ ಕೈಚಾಚಿ, "ಅವರನ್ನೇ ಕೇಳು! ನಾನು ಯಾರು ಅಂತ ಅವರೇ ಹೇಳ್ತಾರೆ!" ಎಂದು ಗುಡುಗಿದರು.

ಗಡ್ಡದವನು ವಿನಯದಿಂದ ಬೀಗಿತ್ತಿಯ ಕಡೆ ತಿರುಗಿದ. "ಅಮ್ಮಾ, ಇವರು ನಿಮಗೆ ಗೊತ್ತಾ?"

ಬೀಗಿತ್ತಿ ಹರಿದ ಅಂಗಿಯನ್ನು ನೋಡಿದರು, ಚಪ್ಪಲಿಯನ್ನು ನೋಡಿದರು, ಸೊಪ್ಪಿನ ಕಡ್ಡಿಯನ್ನು ನೋಡಿದರು. ದನಿ ಮಾತ್ರ ಫೋನಿನಲ್ಲಿ ಕೇಳಿದ್ದೇ. ಒಂದು ಕ್ಷಣ ಕಿಟಕಿಯಾಚೆಗಿನ ಕೆರೆಯನ್ನೂ ನೋಡಿದರು. ಇವರು ಊರಿನವರು ಎಂದರೆ, ಹಾಗಾದರೆ ನೀವು ಯಾರೆಂಬ ಪ್ರಶ್ನೆ ಬರುತ್ತದೆ. ಸಿಕ್ಕಿದ ಸಿಂಹಾಸನವನ್ನು ಯಾರು ತಾನೇ ಬಿಟ್ಟು ಎದ್ದಾರು?

"ಬಿಡಪ್ಪಾ, ನಮ್ಮ ಜೊತೆಯವರೇ," ಎಂದರು. "ಊರು ನೋಡೋಕೆ ಅಂತ ಬಂದಿದ್ದಾರೆ. ದಾರಿ ತಪ್ಪಿರಬೇಕು, ಪಾಪ. ಒಂದು ಸ್ಟೂಲ್ ಹಾಕಿಕೊಡು."

ಕನ್ನಡಕದವರು ಹೆಂಡತಿಯ ಕಡೆ ತಿರುಗಿದರು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ, ಕಷ್ಟಸುಖಕ್ಕೆ ಹೆಗಲು ಕೊಟ್ಟ, ಲೆಕ್ಕದಲ್ಲಿ ಒಂದು ದಿನವೂ ತಪ್ಪು ಹೇಳದ ಲೆಕ್ಕದ ಮೇಡಂ, ಲೋಟವನ್ನು ತುಟಿಗೇರಿಸಿ, "ಹೌದು, ಹೊಸಬರು," ಎಂದರು. ಮಗಳು ಮೆನು ಕಾರ್ಡಿನ ಹಿಂದೆ ಅಡಗಿ ಸೋಡಾ ಅಂಗಡಿಯ ಇತಿಹಾಸವನ್ನು ಏಕಾಗ್ರತೆಯಿಂದ ಓದುತ್ತಿದ್ದಳು. ಅವಳ ಭುಜ ಕುಲುಕುತ್ತಿತ್ತು.

ಸ್ಟೂಲು ಬಂತು. ಅದಕ್ಕೆ ಒಂದು ಕಾಲು ಗಿಡ್ಡ. ಕನ್ನಡಕದವರು ಜನ ಓಡಾಡುವ ದಾರಿಯಲ್ಲಿ ಅದರ ಮೇಲೆ ತೂಗಾಡುತ್ತಾ ಕೂತು ಕಾಫಿ ಕುಡಿದರು.

ಬೀಗಿತ್ತಿಗೆ ಕಾಫಿ ಹಿಡಿಸಿತು. ಕೆರೆ ಹಿಡಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಹೇಳಿದ ತಕ್ಷಣ ಕಿಟಕಿ ತೆಗೆದು, ಮೇಜು ಒರೆಸುವ ಬಟ್ಟೆ ಬದಲಾಯಿಸಿ, ಗಡ್ಡಕ್ಕೆ ದಾರ ಕಟ್ಟಿಕೊಂಡು ಬಂದ ಗಡ್ಡದವನು ಹಿಡಿಸಿದ. "ಒಳ್ಳೇ ಊರು. ಜನ ಹೇಳಿದ ಮಾತು ಕೇಳ್ತಾರೆ," ಎಂದರು. "ಇಂಥ ಕಡೆಯಿಂದ ಹೆಣ್ಣು ತರೋದಕ್ಕೆ ನಮಗೆ ಒಪ್ಪಿಗೆ. ಏನಂತೀರಿ?" ಎಂದು ಗಂಡನನ್ನು ಕೇಳಿದರು. ಬೀಗರು ತಲೆಯಾಡಿಸಿದರು. ಮಗಳ ಮುಖ ಅರಳಿತು. ಮೇಡಂ ಕಣ್ಣೊರೆಸಿಕೊಂಡರು. ಕನ್ನಡಕದವರಿಗೆ ಸಂತೋಷದಿಂದ ಎದ್ದು ನಿಲ್ಲಬೇಕೆನಿಸಿತು, ಆದರೆ ಸ್ಟೂಲು ಮೊದಲೇ ಬಿದ್ದುಹೋಯಿತು.

ಹೊರಗೆ ಬಂದು ಎಲ್ಲರೂ ಮನೆಯ ಕಡೆ ನಡೆಯುತ್ತಿದ್ದರು. ಕನ್ನಡಕದಂಗಡಿಯ ಮುಂದೆಯೇ ಗಂಡ ಹೆಂಡತಿ ಜೋಡಿಯೊಂದು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನಿಂತಿತ್ತು. ಅಪ್ಪಟ ಪ್ರವಾಸಿಗಳು. ಕನ್ನಡಕದವರ ಎದೆ ಉಬ್ಬಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ, "ಏನು ಬೇಕಿತ್ತು?" ಎಂದು ಕೇಳಿದರು. ಆ ಜೋಡಿ ಅವರ ಅಂಗಿ, ಗಡ್ಡ, ಚಪ್ಪಲಿಗಳನ್ನು ನೋಡಿ, ಕೈಚೀಲವನ್ನು ಎದೆಗವಚಿಕೊಂಡು, ಅವರನ್ನು ಬಳಸಿ ನೇರವಾಗಿ ಬೀಗಿತ್ತಿಯ ಬಳಿಗೆ ಹೋಯಿತು.

"ಮೇಡಂ, ಗಡಿಯಾರದ ಗೋಪುರಕ್ಕೆ ಯಾವ ಕಡೆ ಹೋಗ್ಬೇಕು?"

ಬೀಗಿತ್ತಿ ಒಂದು ಕ್ಷಣವೂ ತಡವರಿಸಲಿಲ್ಲ. ತೋಳನ್ನು ಪೂರ್ತಿ ಚಾಚಿ, "ನೇರ ಹೋಗಿ ಎಡಕ್ಕೆ ತಿರುಗಿ. ಎದುರಿಗೇ ಸಿಗತ್ತೆ," ಎಂದರು.

ನೇರ ಹೋಗಿ ಎಡಕ್ಕೆ ತಿರುಗಿದರೆ ಸಿಗುವುದು ಊರಿನ ಕಸ ಸುರಿಯುವ ಮೈದಾನ.

ಕನ್ನಡಕದವರು ಬಾಯಿ ತೆರೆದರು. ಲೆಕ್ಕದ ಮೇಡಂ ಅವರ ಕಾಲನ್ನು ಭದ್ರವಾಗಿ ತುಳಿದರು. ಮಗಳು ಕಣ್ಣಲ್ಲೇ ಕೈಮುಗಿದಳು. ಬೀಗಿತ್ತಿ ತಿರುಗಿ, "ಅದೇ ದಾರಿ ಅಲ್ವಾ?" ಎಂದು ಕೇಳಿದರು.

ಅಪ್ಪನ ಅಂಗಡಿಯ ಮುಂದೆ, ಹುಟ್ಟಿ ಬೆಳೆದ ಬೀದಿಯಲ್ಲಿ ನಿಂತು ಕನ್ನಡಕದವರು ಹೇಳಿದರು:

"ಹೌದು, ಅದೇ ದಾರಿ. ಸ್ವಲ್ಪ ವಾಸನೆ ಬರುತ್ತೆ, ಅಂಜಬೇಡಿ, ಮುಂದೆ ಹೋಗಿ."